ಬಾಗಿಲ ಮುಂದಿನ ಕಲ್ಲು

“ಏಳೇ ಮುಂಡೆ! ಹಬ್ಬದ ದಿನ ಬಾಗ್ಲಿಗೆ ಅಡ್ಡ ಕುಂತವ್ಳೆ, ದರಿದ್ರದೋಳು!”

ಕ್ರೈಸ್ತ ಮಠದ ಪಾರುಪತ್ಯಗಾರ ಮೇನಾಖ್ ಕಾಲೆತ್ತಿದ. ಒದೆಯಲಿಲ್ಲ. ನ್ಯಾಯ ಕೇಳಿ ಉಪವಾಸ ಕೂತವರನ್ನು ಮುಟ್ಟಿದರೆ ಮಾನ ಹೋಗುವುದು ಆ ಮಠದ ಒಡೆಯನದು.

ರೋನಾತ್ ಕಲ್ಲಿನ ಮೇಲೆ ಇನ್ನಷ್ಟು ಹರವಾಗಿ ಕೂತಳು. “ನನ್ ಹಸ ಬುಡಿ, ಏಳ್ತೀನಿ.”

“ಮಠದ ಹುಲ್ಲು ಮೇದೈತೆ ಅದು.”

“ಹುಲ್ಲಿಗೆ ಶಿಲುಬೆ ನೆಟ್ಟಿದ್ರಾ, ಅದ್ಕೆ ಗುರ್ತು ಸಿಗಾಕೆ?”

ಗಂಡ ಸತ್ತ ಮೇಲೆ ಅವಳಿಗೆ ಉಳಿದದ್ದು ಕೆಂಪು ಕಿವಿಯ ಆ ಹಸು, ಅದರ ಹಾಲಿಗೆ ಬಾಯಿ ಬಿಡುವ ಮಕ್ಕಳು. ಮಠದವರು ಹಗ್ಗ ಬಿಗಿದು ಎಳೆದೊಯ್ದಾಗ ಅವಳು ಅಳಲಿಲ್ಲ. ಈಸ್ಟರ್ ಬರಲಿ ಎಂದು ಕಾದಳು.

ಒಳಗೆ ಈಸ್ಟರಿನ ಮುಂಚಿನ ನಲವತ್ತು ದಿನದ ದೊಡ್ಡ ಉಪವಾಸ ಮುಗಿಸಿದ ಅತಿಥಿಗಳು ಬೆಳಗಿನಿಂದ ಮೇಜಿಗೆ ಅಂಟಿಕೊಂಡಿದ್ದರು. ಅವರಲ್ಲೊಬ್ಬರು ಬಿಷಪ್ಪರು. ಕೋಲಿಗೇರಿದ ಹಂದಿ ಬೆಂಕಿಗೆ ಕೊಬ್ಬು ತೊಟ್ಟಿಕ್ಕಿಸುತ್ತಿತ್ತು. ಬಾಗಿಲಲ್ಲಿ ನೊಂದವರು ಹಸಿದು ಕೂತಿರುವಾಗ ಒಡೆಯ ಒಂದು ತುತ್ತು ಬಾಯಿಗಿಟ್ಟರೂ ಮುಗಿಯಿತು, ನಾಳೆಯಿಂದ ಅವನ ಮಾತಿಗೆ ನಾಡಿನಲ್ಲಿ ಕಿಮ್ಮತ್ತಿಲ್ಲ. ಒಡೆಯ ಉಣ್ಣದೆ ಅತಿಥಿಗಳು ಉಣ್ಣುವಂತಿಲ್ಲ.

ಮಠಾಧಿಪತಿ ಗೋರ್ಮನ್ ತಾನೇ ಹೊರಬಂದ. “ನೋಡು ತಂಗಿ, ಕ್ರಿಸ್ತ ಎದ್ದು ಬಂದ ದಿನ. ಇವತ್ತು ಉಪವಾಸ ಮಾಡೋದು ಪಾಪ.”

“ನಿಮ್ಗೆ ಪಾಪ, ಬುದ್ಧಿ. ಈಸ್ಟರ್ ದಿನ ಎಣಿಸಾಕೆ ನೀವು ರೋಮಿನ ಲೆಕ್ಕ ಹಿಡಿದ್ರಿ. ನಮ್ ಕೇರೀಲಿ ಐರ್ಲೆಂಡಿನ ಹಳೇ ಲೆಕ್ಕಾನೇ. ನಮ್ ಕ್ರಿಸ್ತ ಇನ್ನೂ ಸತ್ತೇ ಇಲ್ಲ, ಬರೋ ವಾರ ಏಳ್ತಾನೆ. ಅಲ್ಲೀಗಂಟ ನಂಗೆ ಹೆಂಗೂ ಉಪವಾಸಾನೇಯ.”

ಗೋರ್ಮನ್ ಬಾಯಿ ತೆರೆದ. ಅಷ್ಟರಲ್ಲಿ ಒಳಗೆ ಯಾರದೋ ಹೊಟ್ಟೆ ಗೊರ್ರೆಂದಿತು. ಹಿಂದೆಯೇ ಬಿಷಪ್ಪರ ದನಿ: “ಆ ಹಸ ಬಿಟ್ಟು ಸಾಯ್ರಯ್ಯ!”

ಹಸು ಬಂತು. ರೋನಾತ್ ಮೊದಲು ಕೆಚ್ಚಲು ಮುಟ್ಟಿ ನೋಡಿದಳು.

“ಬೆಳಗಿನ ಹಾಲು ಕರ್ಕೊಂಡವ್ರೆ, ಕಳ್ ನನ್ ಮಕ್ಳು. ಹೋಗ್ಲಿ, ಹಬ್ಬದ ಉಡುಗೊರೆ ಅನ್ಕಳಿ.”

ಗೋರ್ಮನ್‌ಗೆ ಅದು ಕೇಳಿಸಲಿಲ್ಲ. ಆಗಲೇ ಒಳಗೆ ನುಗ್ಗಿ ಹಂದಿಯ ತೊಡೆಗೆ ಕೈ ಹಾಕಿದ್ದ.

ಬೇಲಿಯ ಮರೆಯಿಂದ ದುಂಗಾಲ್ ಎದ್ದು ಬಂದ. ರೋನಾತಳ ಪಕ್ಕದ ಗುಡಿಸಲಿನವನು. ಮೊನ್ನೆ ಮಠದವರು ಅವನ ಹಂದಿಯನ್ನೂ ಹೀಗೆಯೇ ಹೊಡೆದುಕೊಂಡು ಬಂದಿದ್ದರು.

“ಕುಂತ್ಕೊಳಣ್ಣ,” ರೋನಾತ್ ಕಲ್ಲು ಬಿಟ್ಟುಕೊಟ್ಟಳು. “ಬೆಚ್ಚಗೆ ಮಾಡಿ ಮಡಗಿವ್ನಿ.”

ದುಂಗಾಲ್ ಕೂತ. ಒಳಗೆ ತೊಡೆಯ ತುಂಡು ಬಾಯಿಯವರೆಗೆ ಎತ್ತಿದ್ದ ಗೋರ್ಮನ್‌ನನ್ನು ತೆರೆದ ಬಾಗಿಲಿನಿಂದ ನೋಡಿ ಹಲ್ಲು ಕಿರಿದ.

“ನಂದೂ ಹಳೇ ಲೆಕ್ಕಾನೇ, ಬುದ್ಧಿ. ನನ್ ಹಂದಿ ಹೆಂಗ್ ನಡ್ಕೊಂಡ್ ಬಂದಿತ್ತೋ ಹಂಗೇ ನಡ್ಕೊಂಡ್ ಮನೆಗ್ ಬರ್ಲಿ.”