ಕಸಿ ಹತ್ತಿದ ಮೇಲೆ

ಹೆಣಕ್ಕೆ ನೀರೆರೆಯುತ್ತಿದ್ದ ಭಾಗ್ಯಲಕ್ಷ್ಮಿಯ ಕೈ ಹಾಗೇ ನಿಂತಿತು. ಬೇಲಿಯಾಚೆ ನೆರೆಮನೆಯ ನರಸಮ್ಮ ಯಾರಿಗೋ ಹೇಳುತ್ತಿದ್ದಳು.

"ಅಕ್ಕನ್ ಕಿಡ್ನಿ ಹಾಕಿದ್ರಲ್ಲ, ಅದೇ ಕೈ ಕೊಡ್ತಂತೆ. ವಯಸ್ಸಾದೋರ್ದು, ಎಷ್ಟ್ ದಿನ ತಡೀತದೆ?"

ಎದೆಗೆ ಒನಕೆಯಲ್ಲಿ ಕುಟ್ಟಿದಂತಾಯಿತು. ತಾನು ಹಬ್ಬಕ್ಕೆ ಬಂದಾಗ ತಳಿ ಊರಿನ ಈ ತೋಟದಲ್ಲೇ ಗುಲಾಬಿಗೆ ಕಸಿ ಕಟ್ಟುತ್ತ, "ಮುದುಕಿ ಬಂದ್ಲು" ಎಂದು ರೇಗಿಸಿದ್ದ ತಮ್ಮ ಮುನಿಕೃಷ್ಣ ಈಗ ಹಲಗೆಯ ಮೇಲೆ ಮಲಗಿದ್ದಾನೆ. ಇದೇನು ಕಣ್ಣುಕಟ್ಟೋ! ತನ್ನ ಕಿಡ್ನಿಯೇ ಅವನನ್ನು ತಿಂದಿತೇ?

"ನಂದು ಕೆಟ್ಟೋಗಿತ್ತೇನೇ ಕಲ್ಪನಾ?" ಎಂದು ತಮ್ಮನ ಹೆಂಡತಿಯನ್ನು ಕೇಳಿದಳು. ಕಲ್ಪನಾ ಹೊದಿಸಲು ತಂದ ಬಿಳಿ ಬಟ್ಟೆಯನ್ನು ಕೊಡವಿದಳು.

*

ಆಪರೇಷನ್ ಆದ ಹೊಸತರಲ್ಲಿ ಡಾಕ್ಟರು ಮೂವರನ್ನೂ ಕೂರಿಸಿಕೊಂಡು ತಿಳಿಹೇಳಿದ್ದರು. ರಕ್ತದಲ್ಲಿ ಕಾವಲು ಕಣಗಳಿವೆ. ಹೊಟ್ಟೆಗೆ ಕೂರಿಸಿದ ಬೇರೆಯವರ ಅಂಗ ಕಂಡ ಕೂಡಲೇ ಅವುಗಳೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಮೇಲೆ ಬೀಳಿ ಎಂಬ ಅಪ್ಪಣೆ ಅದೇ. ಈ ಮಾತ್ರೆ ಆ ಅಪ್ಪಣೆಯನ್ನು ಮುಂದಕ್ಕೆ ದಾಟಗೊಡುವುದಿಲ್ಲ.

"ನಾಯಿಗೆ ಬೊಗಳಬ್ಯಾಡ ಅನ್ನೋ ಮಾತ್ರೆ ಅನ್ನಿ ಸಾ," ಎಂದಿದ್ದ ಮುನಿಕೃಷ್ಣ.

"ಹಾಗೇ ಅಂದ್ಕೊಳ್ಳಿ. ಆದ್ರೆ ಬದುಕಿರೋ ತನಕ ಬಿಡೋ ಹಾಗಿಲ್ಲ."

*

ಹೆಣಕ್ಕೆ ಬಿಳಿ ಬಟ್ಟೆ ಸುತ್ತಿದ ಮೇಲೆ ಕಲ್ಪನಾ ಅವಳನ್ನು ಹಿತ್ತಲಿಗೆ ಕರೆದಳು.

"ನಿಮ್ದು ಚೆಂದಾಗೇ ಇತ್ತು ಅತ್ತಿಗೆ. ಅವ್ರೇ ಮಾತ್ರೆ ಬಿಟ್ಬುಟ್ರು."

"ಏನಂದೆ?"

"ಮಾತ್ರೆ ತಿಂದ್ರೆ ಕೈ ನಡುಗೋದು, ಕಸಿ ಕಟ್ಟಕ್ಕಾಯ್ತಿರ್ಲಿಲ್ಲ. 'ಗಿಡಕ್ಕೆ ಕಸಿ ಹತ್ತಿದ್ ಮ್ಯಾಲೆ ಕಟ್ಟಿದ್ ಪಟ್ಟಿ ಬಿಚ್ಚಲ್ವಾ? ವರ್ಷಗಟ್ಲೆ ಆಯ್ತು, ಹತ್ಕೊಂಡದೆ. ಅದೂ ನಮ್ಮಕ್ಕನ್ದು, ಬ್ಯಾರೆಯೋರ್ದಾ?' ಅಂದ್ರು."

"ನೀನೂ ಸುಮ್ಕಿದ್ದೆಯೇನೇ!"

"ನಡುಕ ನಿಂತೋಯ್ತು ಅತ್ತಿಗೆ. ಎಷ್ಟು ಕುಸಿಯಾಗಿದ್ರು ಗೊತ್ತಾ..."

ಭಾಗ್ಯಲಕ್ಷ್ಮಿಗೆ ತನ್ನದು ಕೆಟ್ಟಿರಲಿಲ್ಲ ಎಂಬ ನೆಮ್ಮದಿ ಒಂದು ಗಳಿಗೆ ಬಂತು. ಅದರ ಬೆನ್ನಿಗೇ ಡಾಕ್ಟರ ಮಾತು ನೆನಪಾಯಿತು. ತನ್ನನ್ನು ಅಷ್ಟು ನಂಬಿದ ತಮ್ಮನ ಮೈಯೇ ತನ್ನದನ್ನು ಬೇರೆಯವರದೆಂದು ಹರಿದು ಹಾಕಿತ್ತು.

ಗುಲಾಬಿ ಸಾಲಿನ ಪಕ್ಕದಲ್ಲೇ ಗುಣಿ ತೋಡಿದ್ದರು. ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕಿದರು.

"ನೀನೂ ಹಾಕಮ್ಮ, ಒಡಹುಟ್ಟಿದೋಳು," ಎಂದಳು ನರಸಮ್ಮ.

ಭಾಗ್ಯಲಕ್ಷ್ಮಿ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಳು. ಅವನ ಹೊಟ್ಟೆಯ ಮೇಲೆ ಒಂದು ಹರಳೂ ಬೀಳದಂತೆ ಕೈಯನ್ನು ಉದ್ದಕ್ಕೆ ಚಾಚಿ, ಪಾದದ ಹತ್ತಿರ, ಮಣ್ಣನ್ನು ಮೆಲ್ಲಗೆ ಬಿಟ್ಟಳು.