ಎಂಟನೇ ಕುಳಿಯ ಹುಲ್ಲು

ಎಂಟನೇ ಕುಳಿಯ ಅಂಚಿನಲ್ಲಿ ಹಣಮಂತ ಸಲಿಕೆಯನ್ನು ಹುಲ್ಲಿನ ಅಡಿಗೆ ಓರೆಯಾಗಿ ತೂರಿಸಿ, ಬೇರು ಹರಿಯದಂತೆ ಮೆಲ್ಲಗೆ ಎತ್ತಿದ. ಎರಡು ಬೆರಳು ದಪ್ಪದ ಮಣ್ಣಿನೊಂದಿಗೆ ಹುಲ್ಲು ಎದ್ದು ಬಂತು. ಅದನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ಬೈಕಿನ ಹಿಂದೆ ಕಟ್ಟಿದ. ಇನ್ನೂ ಒಂಬತ್ತು ಗಂಟೆ. ಅಂಗಿ ಆಗಲೇ ಬೆನ್ನಿಗೆ ಅಂಟಿತ್ತು. ಜೂನ್ ತಿಂಗಳ ಧಗೆ. ಮೋಡವಿತ್ತು, ಗಾಳಿಯಿರಲಿಲ್ಲ.

ಮುಧೋಳದ ಆಚೆಯ ಕಾರ್ಖಾನೆಯ ಗಾಲ್ಫ್ ಮೈದಾನದಲ್ಲಿ ಇಪ್ಪತ್ತಾರು ವರ್ಷ ಹುಲ್ಲು ನೋಡಿಕೊಂಡ ಜಕ್ಕಪ್ಪ ಬೆಳಗಿನ ಜಾವ ತೀರಿಕೊಂಡಿದ್ದ. ಮಣ್ಣು ಸಂಜೆಗೆ, ರನ್ನ ಬೆಳಗಲಿಯಲ್ಲಿ. ಅವನ ಕೈಕೆಳಗೆ ಹನ್ನೊಂದು ವರ್ಷ ದುಡಿದ ಹಣಮಂತನಿಗೆ ಮಣ್ಣಾಗುವ ಮೊದಲು ಒಂದು ಮಾತು ಹೇಳುವುದಿತ್ತು. ಎರಡು ವರ್ಷದಿಂದ ಹೇಳುವುದಿತ್ತು.

ಮನೆಯ ಮುಂದೆ ತಗಡಿನ ನೆರಳಲ್ಲಿ ಜಕ್ಕಪ್ಪನನ್ನು ಕೂರಿಸಿದ್ದರು. ಹಣೆಗೆ ಭಂಡಾರ, ಹೆಗಲಿಗೆ ಕರಿ ಕಂಬಳಿ. ಹೆಂಡತಿ ಬೋರವ್ವ ಪಕ್ಕದಲ್ಲಿ ಕುಳಿತು ಅವನಿಗೆ ಗಾಳಿ ಬೀಸುತ್ತಿದ್ದಳು.

ಅವಳ ತಮ್ಮ ಮುತ್ತಣ್ಣ ಗೋಣಿಚೀಲ ಬಿಚ್ಚಿ ನೋಡಿದ.

"ಏನ್ಲೇ ಇದು? ಕುರಿಗೆ ಮೇವು ತಂದಿ ಏನು?"

"ಅಣ್ಣನ ಮ್ಯಾಲ ಹಾಕಾಕ."

"ಛಲೋ ಆತು ಬಿಡು. ನಮ್ಮ ಮಂದಿ ಹುಲ್ಲು ಹುಡುಕ್ಕೊಂಡು ಕುರಿ ಹೊಡೀತಾರ. ನಮ್ಮ ಮಾಮಾ ಹುಲ್ಲು ಕಾಯಾಕ ಹೋಗಿ ಕುರಿ ಓಡಿಸಿದ. ಕಡೀಕ ಆ ಹುಲ್ಲನ್ನೂ ಕೊಳಸಿದ."

ಕಟ್ಟೆಯ ಮೇಲಿದ್ದ ಮುದುಕರು ನಕ್ಕರು. ಬೋರವ್ವ ಬೀಸಣಿಗೆ ನಿಲ್ಲಿಸಲಿಲ್ಲ.

"ನಾನೂ ಎಷ್ಟ ಸಲ ಅಂದೀನಿ. ಇಷ್ಟು ವರ್ಷ ಮಾಡಿದ ಕೆಲಸ ಹ್ಯಾಂಗ ಮರತಿ ಅಂತ. ಬಾಯಿ ಬಿಡಲಿಲ್ಲ."

ಹಣಮಂತ ಗೋಣಿಚೀಲಕ್ಕೆ ಮತ್ತೊಮ್ಮೆ ನೀರು ಚಿಮುಕಿಸಿದ. ಈಗ ಹೇಳಬೇಕು ಅಂದುಕೊಂಡ. ಅಷ್ಟರಲ್ಲಿ ಬೀಗರು ಹಾರ ಹಿಡಿದು ಬಂದರು. ಅವನು ದಾರಿ ಬಿಟ್ಟು ಹಿಂದೆ ಸರಿದ.

*

ಗಾಲ್ಫ್ ಮೈದಾನದಲ್ಲಿ ಚೆಂಡು ಬೀಳುವ ಪ್ರತಿ ಕುಳಿಯ ಸುತ್ತಲೂ ಉಣ್ಣೆ ಕತ್ತರಿಸಿದ ಕುರಿಯ ಮೈಯಂತೆ ಹುಲ್ಲನ್ನು ಒತ್ತಿ ಸವರಿರುತ್ತಾರೆ. ಧಗೆಯ ದಿನಗಳಲ್ಲಿ ಜಕ್ಕಪ್ಪ ಯಂತ್ರದ ಅಲಗನ್ನು ತುಸು ಎತ್ತರಿಸುತ್ತಿದ್ದ. "ಬಿಸಲಾಗ ಪೂರಾ ಬೋಳಿಸಿದ್ರ ತೊಗಲು ಸುಡತೈತಿ." ಹೊತ್ತು ಮೂಡುವಾಗ ಉದ್ದನೆಯ ಬಿದಿರಿನ ಗಳದಿಂದ ಹುಲ್ಲಿನ ಮೇಲಿನ ಇಬ್ಬನಿ ಬಡಿದು ಉದುರಿಸುತ್ತಿದ್ದ. ಆಮೇಲೆ ನೀರು, ಬಿಸಿಲಿಗೆ ಆರುವಂತೆ. ಸಂಜೆ ಮಾತ್ರ ಒಂದು ಹನಿಯೂ ಇಲ್ಲ.

"ರಾತ್ರಿಯೆಲ್ಲಾ ಹಸಿಯಾಗ ನಿಂತ ಕುರಿಗೆ ಗೊರಸು ಕೊಳಿತಾವು. ಹುಲ್ಲಿಗೂ ಕಾಲ ಅದಾವು ತಮ್ಮಾ."

ಎರಡು ವರ್ಷದ ಹಿಂದೆ ಇಂಥದೇ ಜೂನ್‌ನಲ್ಲಿ ಜಕ್ಕಪ್ಪ ಮದುವೆಗೆಂದು ನಾಲ್ಕು ದಿನ ತೇರದಾಳಕ್ಕೆ ಹೋದ. ಅಂದು ಸಂಜೆ ಎಂಟನೇ ಕುಳಿಯ ಹುಲ್ಲು ಬಾಡಿ ಮಲಗಿತ್ತು. ಬಾಯಾರಿದ ದನಕ್ಕೆ ನೀರಿಡದೆ ಮಲಗಿದವರು ಹಣಮಂತನ ಮನೆಯಲ್ಲಿ ಯಾರೂ ಇಲ್ಲ. ಪೈಪು ಬಿಟ್ಟ. ಮೂರು ಸಂಜೆ ಬಿಟ್ಟ. ನಾಲ್ಕನೆಯ ಬೆಳಿಗ್ಗೆ ತಾಟಿನಷ್ಟಗಲ ಕಂದು ಉಂಗುರಗಳೆದ್ದವು. ವಾರದಲ್ಲಿ ಹುಲ್ಲೆಲ್ಲ ಕೊಳೆಯಿತು.

"ಸಂಜೆ ನೀರು ಬಿಡಲು ಹೇಳಿದ್ದು ಯಾರು?" ಕಾರ್ಖಾನೆಯ ಸಾಹೇಬರು ಕೇಳಿದರು.

ಹಣಮಂತ ಬಾಯಿ ತೆರೆಯುವುದರೊಳಗೆ (ತೆರೆಯುತ್ತಿದ್ದನೋ ಇಲ್ಲವೋ, ಅವನಿಗೇ ಖಾತ್ರಿಯಿಲ್ಲ) ಜಕ್ಕಪ್ಪ ಅಂದ, "ನಾನ ಹೇಳಿ ಹೋಗಿದ್ನಿರಿ."

ದಿನಗೂಲಿ ಹಣಮಂತನ ಕೆಲಸ ಉಳಿಯಿತು. ಜಕ್ಕಪ್ಪನನ್ನು ಪಂಪಿನ ಮನೆಯ ಹಿಂದೆ ಹುಲ್ಲು ಬೆಳೆಸುವ ಮಡಿಗೆ ಹಾಕಿದರು. ಅವನು ಮತ್ತೆ ಮೈದಾನಕ್ಕೆ ಕಾಲಿಡಲಿಲ್ಲ. ಹಣಮಂತ ಒಮ್ಮೆ ಆ ಮಾತು ತೆಗೆದಾಗ, "ಹೆಚ್ಚ ನೀರು ಕುಡಿಸಿದಿ, ವಿಷ ಹಾಕಿಲ್ಲಲ್ಲ" ಅಂದು ಜಕ್ಕಪ್ಪ ಕಳೆ ಕೀಳತೊಡಗಿದ.

*

ಹೊಲದ ಬದುವಿನಲ್ಲಿ ಕುಣಿ ತೋಡಿದ್ದರು. ಜಕ್ಕಪ್ಪನನ್ನು ಇಳಿಸಿದರು. ಬೋರವ್ವ ಮೊದಲ ಹಿಡಿ ಮಣ್ಣಿಗೆ ಬಗ್ಗಿದಾಗ ಹಣಮಂತ ಅವಳೆದುರು ಕುಕ್ಕರಗಾಲಲ್ಲಿ ಕೂತ.

"ವೈನಿ, ಸಂಜಿ ನೀರು ಬಿಟ್ಟಾವ ನಾನು. ಅಣ್ಣ ಬಿಡಂತ ಹೇಳಿರಲಿಲ್ಲ. ನನ್ನ ಕೆಲಸ ಹೋಗತೈತಂತ ತನ್ನ ಮ್ಯಾಲ ಹಾಕ್ಕೊಂಡ."

ಮುತ್ತಣ್ಣನ ಸಲಿಕೆ ನಿಂತಿತು. ಬೋರವ್ವ ಕುಣಿಯೊಳಗೆ ನೋಡಿದಳು, ಆಮೇಲೆ ಹಣಮಂತನನ್ನು.

"ಮುಂಜಾನಿ ಬಂದಾಗರ ಅನಬೇಕಿತ್ತು," ಅಂದಳು. "ನನ್ನ ಮಗ್ಗಲಕ ಕುಂತಿದ್ದ. ಅವಗ ಒಂದ ಮಾತು ಹೇಳ್ತಿದ್ನಿ."

ಹಿಡಿ ಮಣ್ಣು ಹಾಕಿದಳು.

ಗೋರಿಯ ತಲೆಭಾಗದಲ್ಲಿ ಹಣಮಂತ ಹುಲ್ಲನ್ನು ಹಾಸಿ, ಅಂಚುಗಳನ್ನು ಬೆರಳಿನಿಂದ ಒತ್ತಿದ. ಮುತ್ತಣ್ಣ ಅದರ ಮೇಲೆ ಸುರಿಯಲು ಕೊಡ ಎತ್ತಿದ.

"ಬ್ಯಾಡ. ಸಂಜಿ ಆಗೇತಿ," ಅಂದ ಹಣಮಂತ.

ಮುತ್ತಣ್ಣ ಅಕ್ಕನ ಮುಖ ನೋಡಿ, ಕೊಡ ಕೆಳಗಿಟ್ಟ.

ಮರುದಿನ ಹೊತ್ತು ಮೂಡುವಾಗ ಬೋರವ್ವ ಕೊಡ ತುಂಬಿಕೊಂಡು ಬದುವಿಗೆ ಬಂದಳು. ಹಣಮಂತ ಜಕ್ಕಪ್ಪನ ಬಿದಿರಿನ ಗಳ ಹಿಡಿದು ನಿಂತಿದ್ದ. ಗಳ ಎರಡಾಳುದ್ದ, ಹುಲ್ಲು ಒಂದು ಗೋಣಿಚೀಲದಷ್ಟು. ಮಾರುದ್ದ ಹಿಂದೆ ನಿಂತು, ಗಳದ ತುದಿಯನ್ನು ಅತ್ತಿಂದಿತ್ತ ಆಡಿಸುತ್ತಿದ್ದ.

ಅವಳು ಸೊಂಟದ ಕೊಡ ಇಳಿಸದೆ, ಅವನು ಇಬ್ಬನಿ ಬಡಿದು ಮುಗಿಸುವ ತನಕ ನಿಂತಳು.