ಹಿತ್ತಿಲಿನ ಶನಿ

“ಅದನ್ನ ಅಲ್ಲೇ ಇಡಿ ಮೇಷ್ಟ್ರೇ! ಇನ್ನೊಂದು ಹೆಜ್ಜೆ ಇಟ್ರೆ ಕಲ್ಲು ತಗೊಂಡು ಪುಡಿ ಮಾಡ್ತೀನಿ!”

ದುರ್ಬೀನಿನ ಉದ್ದ ಕೊಳವೆಯನ್ನು ಕೂಸಿನಂತೆ ಎದೆಗವಚಿಕೊಂಡು ಹಿತ್ತಿಲಿಗೆ ಹೊರಟಿದ್ದ ಮೇಷ್ಟ್ರು ಬಾಗಿಲಲ್ಲೇ ನಿಂತರು. ಕೂಗಿದವಳ ಗಂಡನನ್ನು ಮಣ್ಣು ಮಾಡಿ ಬಂದು ಇನ್ನೂ ಎರಡು ಗಂಟೆ ಆಗಿರಲಿಲ್ಲ. ನಡುಮನೆಯ ತುಂಬ ಕೂತಿದ್ದ ಜನ ಅತ್ತ ತಿರುಗಿದರು.

“ಅಮ್ಮಾ, ಸುಮ್ನಿರೇ,” ಮಗಳು ಕೈ ಹಿಡಿದೆಳೆದಳು.

“ಅತ್ತಿಗೆ, ನಾಲಿಗೆ ಹಿಡಿದು ಮಾತಾಡಿ,” ಎಂದಳು ನಾದಿನಿ. “ಅಣ್ಣನ ನೆನಪಿಗೆ ಇವತ್ತು ಎಲ್ರಿಗೂ ಶನಿ ತೋರಿಸ್ತಾರಂತೆ. ಆಕಾಶವೂ ತಿಳಿಯಾಗಿದೆ. ತಪ್ಪೇನು?”

“ಎಂಥ ಮನುಷ್ಯ!” ಇಸ್ತ್ರಿಯವನು ಕಣ್ಣೊರೆಸಿಕೊಂಡ. “ಹೆಗಲೇರಿ ಕೂತಿದ್ದ ಶನೀನ ನಾನು ಕಣ್ಣಾರೆ ನೋಡಿದ್ದು ಈ ಹಿತ್ತಿಲಲ್ಲೇ. ಅವರು ತೋರಿಸದೇ ಇರೋರು ಈ ಬೀದೀಲಿ ಒಬ್ರಿಲ್ಲ.”

“ಒಬ್ರೂ ಇಲ್ವಾ?” ಎಂದಳು ಅವಳು.

*

ಗಂಡ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವನು. ದುರ್ಬೀನಿನ ಕನ್ನಡಿಯನ್ನೂ ಅಡುಗೆಮನೆಯ ಕಟ್ಟೆಯ ಮೇಲೆ ಏಳು ತಿಂಗಳು ಉಜ್ಜಿ ತಾನೇ ಮಾಡಿದ್ದ. ಬೇಸಿಗೆಯ ರಾತ್ರಿ ಬೀದಿಗೆ ಬೀದಿಯೇ ಬಂದು ಸಾಲು ನಿಲ್ಲುತ್ತಿತ್ತು. ಬೆಳಕು ಬಿದ್ದರೆ ನಕ್ಷತ್ರಗಳು ಮಂಕಾಗುತ್ತವೆಂದು ಅಡುಗೆಮನೆಯ ದೀಪ ಆರಿಸುತ್ತಿದ್ದ. ಅವಳು ಕತ್ತಲಲ್ಲೇ ತಡಕಾಡಿ ಅಷ್ಟೂ ಜನಕ್ಕೆ ಚಹಾ ಕಾಸಬೇಕು. ಲೋಟ ಹಂಚಿ, ಕೈ ಒರೆಸಿಕೊಂಡು ಸಾಲಿನ ತುದಿಗೆ ಬರುವಷ್ಟರಲ್ಲಿ ಶನಿ ಪಕ್ಕದ ಮನೆಯ ಸೂರಿನ ಹಿಂದಕ್ಕೆ ಇಳಿದಿರುತ್ತಿತ್ತು.

“ತಪ್ಪೋಯ್ತಲ್ಲೇ. ಮುಂದಿನ ಸಲ ಮೊದಲು ನಿಂದೇ,” ಎನ್ನುತ್ತಿದ್ದ.

ಒಂದೇ ಒಂದು ಸಲ ಚಹಾ ಬಿಟ್ಟು ಬಂದು, ಜನರನ್ನು ಸರಿಸಿ ಕಣ್ಣಿಟ್ಟಳು. ಮೊಣಕೈ ತಗುಲಿ ಕೊಳವೆ ಅಲುಗಿತು. ಕಂಡದ್ದು ಬರೀ ಕಪ್ಪು. “ಕತ್ತೆ! ಹಿಡಿದಿಟ್ಟಿದ್ದನ್ನ ಹಾಳು ಮಾಡಿದ್ಯಲ್ಲ!” ಎಂದು ಎಲ್ಲರೆದುರು ಹರಿಹಾಯ್ದ. ಆಮೇಲೆ ಅವಳು ಸಾಲಿಗೆ ಬರಲಿಲ್ಲ. ಅವನು ಕರೆಯಲೂ ಇಲ್ಲ.

*

“ಮೂವತ್ತೊಂದು ವರ್ಷ ಮೇಷ್ಟ್ರೇ. ಬೀದಿ ನಾಯಿ ಒಂದು ಬಿಟ್ಟು ಎಲ್ರೂ ನೋಡಿದ್ರಿ. ನೀನು ನೋಡಿದ್ಯಾ ಅಂತ ಒಬ್ರಾದ್ರೂ ನನ್ನ ಕೇಳಿದ್ರಾ?”

ಮೇಷ್ಟ್ರ ಮುಖ ಸಣ್ಣದಾಯಿತು. “ಛೆ, ಗೊತ್ತೇ ಇರಲಿಲ್ಲಮ್ಮ. ಇವತ್ತು ಮೊದಲು ನೀವೇ ನೋಡಿ. ಇನ್ನೇನು, ಕತ್ತಲಾದ ಕೂಡಲೇ.”

ಅವಳ ಸಿಟ್ಟು ಒಂದು ಗಳಿಗೆ ಇಳಿಯಿತು. ಹತ್ತಿರ ಬಂದು ಕೊಳವೆಯ ಮೇಲೆ ಕೈಯಿಟ್ಟಳು.

“ಉಂಗುರ ನಿಜವಾಗ್ಲೂ ಕಾಣ್ಸುತ್ತಾ?”

“ಬರೆದಿಟ್ಟ ಹಾಗೆ ಕಾಣ್ಸುತ್ತಮ್ಮ.”

“ಸರಿ, ಮುಗೀತಲ್ಲ,” ಎಂದು ನಾದಿನಿ ನಿಟ್ಟುಸಿರುಬಿಟ್ಟಳು. “ಪಾಪ, ಜನ ಬೆಳಗ್ಗಿಂದ ಹಸಿದು ಕೂತಿದಾರೆ ಅತ್ತಿಗೆ. ಅಷ್ಟರೊಳಗೆ ಒಂದು ಸುತ್ತು ಚಹಾ ಇಟ್ಬಿಡಿ.”

ಅವಳು ಕೈ ತೆಗೆದಳು. ಎಲ್ಲರ ನಡುವೆಯೇ ನಡೆದು, ಮೆಟ್ಟಿಲಲ್ಲಿ ಚಪ್ಪಲಿ ಮೆಟ್ಟಿ, ಗೇಟು ದಾಟಿದಳು.

“ಅಮ್ಮಾ, ನೀ ಕೂತ್ಕೋ, ನಾನೇ ಇಡ್ತೀನಿ. ಸಕ್ಕರೆ ಎಲ್ಲಿಟ್ಟಿದೀಯಾ?” ಮಗಳು ಅಡುಗೆಮನೆಯಿಂದ ಕೂಗಿದ್ದು ಬೀದಿಗೂ ಕೇಳಿಸಿತು. ಅವಳು ತಿರುಗಿ ನೋಡದೆ ಮೂಲೆ ದಾಟಿದಳು.

ಕತ್ತಲಾದರೂ ಬರಲಿಲ್ಲ. ಹಿತ್ತಿಲಲ್ಲಿ ಸಾಲು ನಿಂತಿತ್ತು. ಒಳಗೆ ದೀಪ ಆರಿಸಿದ ಅಡುಗೆಮನೆಯಲ್ಲಿ ಮಗಳು ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು, ಬೆರಳದ್ದಿ ನೆಕ್ಕಿ ನೋಡುತ್ತಿದ್ದಳು.